ಮೂಕವಾದ ಕಹಳೆ

ಮಾತನಾಡಬೇಕಾದ ಹೊತ್ತಿನಲ್ಲಿ ಮಾತು ಹೊರಡದಿರುವುದು ಮನುಷ್ಯರಿಗೆ ಮಾತ್ರ ಬರುವ ಕಷ್ಟವೆಂದು ನಾನು ಬಹುಕಾಲ ನಂಬಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನಿಗೆ ತರಗತಿಯ ಕಡೆಯ ಬೆಂಚಿನ ಮೌನದ ಪರಿಚಯ ಚೆನ್ನಾಗಿಯೇ ಇರುತ್ತದೆ. ಆದರೆ ನಿವೃತ್ತನಾಗಿ ಕೆಂಭಾವಿಗೆ ಹಿಂದಿರುಗಿದ ಮೇಲೆ ಒಂದು ಹಳೆಯ ವ್ಯಾನಿನ ಹಾರ್ನು ನನಗೆ ಬೇರೊಂದು ಬಗೆಯ ಮೌನವನ್ನು ತೋರಿಸಿಕೊಟ್ಟಿತು. ಆ ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಹಾರ್ನು ಕೆಟ್ಟರೆ ಹೊಸದನ್ನು ಹಾಕಿಸಿದರಾಯಿತು, ಅದಕ್ಕೊಂದು ಭಾಷಣವೇಕೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದಿದ್ದರಿಂದಲೇ ಒಂದು ದಿನ ಒಬ್ಬ ಕುರಿಗಾಹಿ ಹುಡುಗನ ಪ್ರಾಣಕ್ಕೆ ಕುತ್ತು ತರುವುದರಲ್ಲಿದ್ದೆ.

ಮೊದಲು ಆ ವ್ಯಾನಿನ ವಿಷಯ. ನಮ್ಮ ಭಾಗದಲ್ಲಿ ಹಿಂದೆ ಜಾತ್ರೆಗೆ ಹೊರಡುವ ಕುಟುಂಬಗಳು ಕೊಲ್ಲಾರಿ ಬಂಡಿಯನ್ನು ಕಟ್ಟುತ್ತಿದ್ದವು. ಬಂಡಿಯ ಮೇಲೆ ಕಮಾನು, ಕಮಾನಿನ ಮೇಲೆ ಚಾಪೆ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೊಂದು ಕೌದಿ, ಮೂಲೆಯಲ್ಲಿ ರೊಟ್ಟಿಯ ಗಂಟು ಮತ್ತು ನೀರಿನ ಕೊಡ. ಹೋದಲ್ಲಿ ಅದೇ ಮನೆ, ಅದೇ ಅಡುಗೆಮನೆ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಕೊಟ್ಟು ನಾನು ಕೊಂಡ ವ್ಯಾನು ಇದರದೇ ಹೊಸ ಅವತಾರ. ಬಹಳ ಹಳೆಯ ಗಾಡಿ. ಹಿಂದಿನ ಒಡೆಯರು ಸಾರಿಗೆ ಕಚೇರಿಯ ಅನುಮತಿ ಪಡೆದು ಅದರೊಳಗೆ ಹಲಗೆಯ ಮಂಚ, ಪುಟ್ಟದೊಂದು ಗ್ಯಾಸ್ ಒಲೆ, ನೀರಿನ ಡ್ರಮ್ಮು ಮಾಡಿಸಿದ್ದರು. ಪುಸ್ತಕದ ಗೂಡೊಂದನ್ನು ನಾನು ಸೇರಿಸಿದೆ. ಪರದೇಶಗಳಲ್ಲಿ ಇಂಥದನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ನನ್ನ ಹೆಂಡತಿ ಮಾತ್ರ ಅದನ್ನು ಕೊಲ್ಲಾರಿ ಬಂಡಿಯೆಂದೇ ಕರೆದಳು. ಶಾಸನ, ಗುಡಿ, ಜಾತ್ರೆಗಳನ್ನು ನೋಡುತ್ತ ಉಳಿದ ಕಾಲವನ್ನು ಕಳೆಯುವುದು ನಮ್ಮ ಆಸೆಯಾಗಿತ್ತು.

ಹಳೆಯ ಬಂಡಿಗೆ ಒಂದು ಸೌಲಭ್ಯವಿತ್ತು. ಎತ್ತಿನ ಕೊರಳ ಗಂಟೆ, ಗೆಜ್ಜೆಯ ಸರಗಳು ಯಾರೂ ಒತ್ತದೆಯೇ ನುಡಿಯುತ್ತಿದ್ದವು. ಎತ್ತು ಹೆಜ್ಜೆಯಿಟ್ಟರೆ ಸಾಕು, ದಾರಿಯಲ್ಲಿದ್ದವರಿಗೆ ಸುದ್ದಿ ಮುಟ್ಟುತ್ತಿತ್ತು. ಮೋಟಾರು ವಾಹನಕ್ಕೆ ಆ ಭಾಗ್ಯವಿಲ್ಲ. ಅದು ವೇಗವಾಗಿ ಬರುತ್ತದೆ. ಬರುವುದನ್ನು ಬೇರೆಯಾಗಿ ಸಾರಬೇಕಾಗುತ್ತದೆ.

ನಮ್ಮ ವ್ಯಾನಿನ ಹಾರ್ನು ಸಾರುವುದನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಮೊದಮೊದಲು ಹತ್ತು ಸಲ ಒತ್ತಿದರೆ ಒಂದೆರಡು ಸಲ ತಪ್ಪುತ್ತಿತ್ತು. ಆಮೇಲೆ ಸ್ಟಿಯರಿಂಗ್ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಕೂಗುವುದು, ಬಲಕ್ಕೆ ತಿರುಗಿಸಿದಾಗ ಸುಮ್ಮನಾಗುವುದು ಶುರುವಾಯಿತು. ಈ ಲಕ್ಷಣದಲ್ಲೇ ರೋಗದ ಹೆಸರು ಬರೆದಿತ್ತು. ಓದುವ ವ್ಯವಧಾನ ನನಗಿರಲಿಲ್ಲ. ಅಂಗಡಿಯಿಂದ ಹೊಸ ಹಾರ್ನು ತಂದು ಹಾಕಿಸಿದೆ. ಅದು ಎರಡು ದಿನ ಸೊಗಸಾಗಿ ಕೂಗಿತು. ದುರಸ್ತಿಯಾಯಿತೆಂದು ನಂಬಿ, ಕೃಷ್ಣೆಯ ದಡದ ತಿಂಥಣಿಗೆ ಮೌನೇಶ್ವರನ ಜಾತ್ರೆ ನೋಡಲು ಹೊರಟೆವು.

ಸುಗ್ಗಿಯ ದಿನಗಳು. ಸುರಪುರ, ಶಹಾಪುರದ ಸೀಮೆಯನ್ನು ಬಲ್ಲವರಿಗೆ ಆ ರಸ್ತೆಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಎರೆಹೊಲದ ನಡುವೆ ಹಸಿರು ಗದ್ದೆಗಳು ಕಾಣಿಸಿಕೊಂಡಿವೆ. ಹತ್ತಿಯ ಗಾಡಿ, ಮೇವಿನ ಬಂಡಿ, ಟ್ರ್ಯಾಕ್ಟರು, ಕುರಿಹಿಂಡು ಎಲ್ಲಕ್ಕೂ ಒಂದೇ ದಾರಿ. ಕಾಲುವೆಯ ಸೇತುವೆ ದಾಟಿ ಒಂದು ತಿರುವು. ಮುಂದೆ ಮೇವು ಹೇರಿದ ಬಂಡಿಯೊಂದು ಅಡ್ಡವಾಗಿದ್ದುದರಿಂದ ಹಾರ್ನು ಒತ್ತಿ ಬಲಕ್ಕೆ ಹೊರಳಿದೆ. ಸದ್ದಿಲ್ಲ. ಮತ್ತೆ ಒತ್ತಿದೆ, ಸದ್ದಿಲ್ಲ. ಬಂಡಿಯಾಚೆ ಕುರಿಹಿಂಡಿನ ಹಿಂದೆ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ. ಬ್ರೇಕು ಹಿಡಿಯಿತು. ವ್ಯಾನು ನಿಂತಾಗ ಅವನ ಹೆಗಲ ಮೇಲಿನ ಕಂಬಳಿಗೂ ನಮಗೂ ನಡುವೆ ಎರಡು ಮೊಳ ಜಾಗವಿದ್ದಿತು. ಅವನು ತಿರುಗಿ ನೋಡಿ, ನಕ್ಕು, ಕುರಿಗಳನ್ನು ಬದಿಗೆ ಹೊಡೆದುಕೊಂಡು ದಾರಿ ಬಿಟ್ಟ. ಅವನಿಗೆ ಏನೂ ತಿಳಿಯಲಿಲ್ಲ. ನನ್ನ ಕೈ ಮಾತ್ರ ನಡುಗುತ್ತಿತ್ತು.

ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೌನೇಶ್ವರನ ಜಾತ್ರಿಗಿ ಹೊಂಟದಂತ ನಿಮ್ಮ ಹಾರನ್ನೂ ಮೌನ ಹಿಡದದ ಏನ್ರೀ?" ಎಂದಳು. ನಗಬೇಕಾದ ಮಾತಾದರೂ ಇಬ್ಬರಿಗೂ ನಗು ಬರಲಿಲ್ಲ. ನಿಧಾನವಾಗಿ ಊರಿಗೆ ಹಿಂದಿರುಗಿದೆವು.

ಕೆಂಭಾವಿಯಲ್ಲಿ ವಾಹನಗಳ ವಿದ್ಯುತ್ ಕೆಲಸ ಮಾಡುವ ಮೇಸ್ತ್ರಿಯೊಬ್ಬರು ನನ್ನ ಮಗನ ವಯಸ್ಸಿನವರು. ನಾನು ತೆಗೆಸಿ ಮೂಲೆಗೆ ಹಾಕಿದ್ದ ಹಳೆಯ ಹಾರ್ನನ್ನು ಅವರು ಮೊದಲು ಕೇಳಿ ಪಡೆದರು. ಅದಕ್ಕೆ ಎರಡು ತಂತಿ ಜೋಡಿಸಿ ನೇರವಾಗಿ ಬ್ಯಾಟರಿಗೆ ಮುಟ್ಟಿಸಿದೊಡನೆ ಬೀದಿಯೆಲ್ಲ ತಿರುಗಿ ನೋಡುವಂತೆ ಅದು ಕೂಗಿತು.

"ನೋಡ್ರಿ ಸರ್, ಇದರದೇನೂ ತಪ್ಪಿರಲಿಲ್ರಿ. ನೀವು ಬಾಯಿ ಬದಲಿ ಮಾಡೀರಿ, ಜಡ್ಡು ಬ್ಯಾರೆ ಕಡಿ ಅದ" ಎಂದರು.

ಈ ಒಂದು ಮಾತಿಗೆ ನಾನು ತಲೆತಗ್ಗಿಸಬೇಕಾಯಿತು. ಓಲೆಗರಿಯ ಪ್ರತಿಯಲ್ಲಿ ಪದವೊಂದು ಅರ್ಥವಾಗದಿದ್ದರೆ ಕೂಡಲೇ ತಿದ್ದಬಾರದು, ತಪ್ಪು ಎಲ್ಲಿ ಯಾವ ಪ್ರತಿಕಾರನ ಕೈಯಲ್ಲಿ ಹೊಕ್ಕಿತೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು ಎಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿದವನು ನಾನು. ಹಾರ್ನಿನ ವಿಷಯದಲ್ಲಿ ಆ ಪಾಠವನ್ನೇ ಮರೆತಿದ್ದೆ.

ಹಾರ್ನು ನುಡಿಯುವುದು ಹೇಗೆಂದು ತಿಳಿಯದೆ ಅದು ನುಡಿಯದಿರುವುದರ ಕಾರಣ ಹುಡುಕಲಾಗದು. ಇಲ್ಲಿ ನಮ್ಮ ಕೇಶಿರಾಜನೇ ನೆರವಿಗೆ ಬರುತ್ತಾನೆ. ಹದಿಮೂರನೆಯ ಶತಮಾನದ ಆ ವೈಯಾಕರಣನು ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆಯನ್ನು ವಿವರಿಸುವಾಗ ಕಹಳೆಯ ಹೋಲಿಕೆಯನ್ನೇ ಬಳಸುತ್ತಾನೆ. ಜೀವದ ಇಚ್ಛೆ ಬೇಕು. ಅದಕ್ಕೆ ಅನುಕೂಲವಾದ ವಾಯು ಬೇಕು. ಆಗ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ ಎಂಬುದು ಅವನ ಮಾತಿನ ಸಾರ. ವಾಹನದಲ್ಲಿಯೂ ಹೀಗೆಯೇ. ಚಾಲಕನ ಇಚ್ಛೆ ಹೆಬ್ಬೆರಳಿನ ಮೂಲಕ ಗುಂಡಿಗೆ ಬರುತ್ತದೆ. ವಾಯುವಿನ ಬದಲು ಬ್ಯಾಟರಿಯ ವಿದ್ಯುತ್ತು. ಕಹಳೆಯ ಸ್ಥಾನದಲ್ಲಿ ಹಾರ್ನು.

ಆ ಹಾರ್ನಿನ ಒಳಗೆ ತಂತಿಯ ಸುರುಳಿಯಿಂದಾದ ಒಂದು ವಿದ್ಯುದಯಸ್ಕಾಂತ, ಅದರೆದುರು ತೆಳುವಾದ ಉಕ್ಕಿನ ಪಟಲ ಮತ್ತು ಒಂದಕ್ಕೊಂದು ತಾಗಿಕೊಂಡ ಎರಡು ಲೋಹದ ತುಟಿಗಳು ಇರುತ್ತವೆ. ಈ ತುಟಿಗಳನ್ನು ಮೇಸ್ತ್ರಿಗಳು ಪಾಯಿಂಟ್ ಎನ್ನುತ್ತಾರೆ. ವಿದ್ಯುತ್ತು ಹರಿದಾಗ ಅಯಸ್ಕಾಂತ ಪಟಲವನ್ನು ಎಳೆಯುತ್ತದೆ. ಎಳೆದ ರಭಸಕ್ಕೆ ತುಟಿಗಳು ಬೇರ್ಪಟ್ಟು ವಿದ್ಯುತ್ತು ಕಡಿದುಹೋಗುತ್ತದೆ. ಎಳೆತ ತಪ್ಪಿದ ಪಟಲ ಹಿಂದಕ್ಕೆ ಚಿಮ್ಮುತ್ತದೆ, ತುಟಿಗಳು ಮತ್ತೆ ಕೂಡುತ್ತವೆ, ಮತ್ತೆ ಎಳೆತ. ಹೀಗೆ ಸೆಕೆಂಡಿಗೆ ಸುಮಾರು 300ರಿಂದ 500 ಸಲ ಪಟಲ ಅದುರಿದಾಗ ನಮಗೆ ಕೇಳಿಸುವ ಸ್ವರ ಹೊರಡುತ್ತದೆ. ಬಾಗಿಲ ಕರೆಗಂಟೆಯ ಹಳೆಯ ಮಾದರಿಗಳಲ್ಲಿಯೂ ಇದೇ ತತ್ತ್ವ. ಇದಕ್ಕಿಂತ ಮೊದಲು ರಬ್ಬರ್ ಚೆಂಡನ್ನು ಹಿಂಡಿ ಊದಿಸುವ ಹಾರ್ನುಗಳಿದ್ದವು. 20ನೆಯ ಶತಮಾನದ ಆರಂಭದಲ್ಲಿ ಕ್ಲ್ಯಾಕ್ಸನ್ ಎಂಬ ಕರ್ಕಶ ಹಾರ್ನನ್ನು ನಿರ್ಮಿಸಿದ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಎಂಬಾತನೇ ಕಿವಿ ಮಂದವಾದವರಿಗಾಗಿ ವಿದ್ಯುತ್ ಶ್ರವಣಸಾಧನವನ್ನೂ ರೂಪಿಸಿದ್ದನೆಂಬುದು ಸ್ವಾರಸ್ಯದ ಸಂಗತಿ.

ಕೇಶಿರಾಜನ ಹೋಲಿಕೆಗೆ ಇಲ್ಲಿ ಒಂದು ಮಾತನ್ನು ಸೇರಿಸಬೇಕು. ವಿದ್ಯುತ್ತಿಗೆ ಹೋಗುವ ದಾರಿಯಿದ್ದರೆ ಸಾಲದು, ಮರಳುವ ದಾರಿಯೂ ಇರಬೇಕು. ವಾಹನಗಳಲ್ಲಿ ಮರಳುವುದಕ್ಕೆಂದು ಎಲ್ಲೆಡೆ ಬೇರೆ ತಂತಿ ಎಳೆದಿರುವುದಿಲ್ಲ. ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಲೋಹದ ಮೈಗೆ ಬಿಗಿದಿರುತ್ತಾರೆ. ಮೈಯೇ ಮರಳುವ ದಾರಿ. ಇದಕ್ಕೆ ಅರ್ತ್ ಎಂಬ ಹೆಸರು. ನನ್ನ ವ್ಯಾನಿನಂಥ ಅನೇಕ ಹಳೆಯ ಗಾಡಿಗಳಲ್ಲಿ ವಿದ್ಯುತ್ತು ಫ್ಯೂಸನ್ನು ಹಾದು ಹಾರ್ನಿನವರೆಗೆ ಬಂದು ಕಾದು ನಿಂತಿರುತ್ತದೆ. ಹಾರ್ನಿನ ಆಚೆಯ ತಂತಿ ಸ್ಟಿಯರಿಂಗ್ ಕಂಬದೊಳಗೆ ಏರಿ ಗುಂಡಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಆ ತಂತಿ ಗಾಡಿಯ ಮೈಗೆ ತಾಗಿ ಮಂಡಲ ಪೂರ್ಣವಾಗುತ್ತದೆ. ಗುಂಡಿಯು ವಿದ್ಯುತ್ತನ್ನು ಕಳಿಸುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಮರಳುವ ಬಾಗಿಲನ್ನು ತೆರೆಯುತ್ತದೆ. ಕೆಲವು ಗಾಡಿಗಳಲ್ಲಿ ನಡುವೆ ರಿಲೇ ಎಂಬ ಮಧ್ಯವರ್ತಿ ಇರುತ್ತದೆ. ಕೆಲವದರಲ್ಲಿ ಗುಂಡಿಯು ಹಾರ್ನಿನ ಈಚೆ ಇರುತ್ತದೆ. ತನ್ನ ಗಾಡಿಯ ಕ್ರಮ ಯಾವುದೆಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಮೇಸ್ತ್ರಿಯವರು ಹುಡುಕಿದ ಬಗೆ. ಅವರ ಬಳಿಯಿದ್ದ ಮುಖ್ಯ ಉಪಕರಣ ಒಂದು ಸಣ್ಣ 12 ವೋಲ್ಟಿನ ಬಲ್ಬು, ಅದಕ್ಕೆ ಬೆಸೆದ ಎರಡು ತಂತಿಗಳು, ಅಷ್ಟೇ. ಇಂಜಿನ್ ನಿಲ್ಲಿಸಿ, ಗೇರು ತೆಗೆದು, ಕೈಬ್ರೇಕು ಎಳೆದು, ಹಾರ್ನಿಗೆ ವಿದ್ಯುತ್ತು ಬರಲು ಕೀಲಿಯನ್ನು ಮಾತ್ರ ತಿರುಗಿಸಿಟ್ಟರು.

ಮೊದಲನೆಯ ಪ್ರಶ್ನೆ ಬ್ಯಾಟರಿಗೆ. ಮುಂದಿನ ದೀಪ ಹಾಕಿ ನೋಡಿದರು. ದೀಪ ಮಂಕಾಗಿದ್ದರೆ ಹಾರ್ನನ್ನು ದೂರುವುದು ವ್ಯರ್ಥ. ಇಂಜಿನ್ ನಿಂತು ಸ್ವಲ್ಪ ಹೊತ್ತಾದ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದು ಅರ್ಥ. ನಮ್ಮದು ಸರಿಯಿತ್ತು.

ಎರಡನೆಯದು ಫ್ಯೂಸು. ಹಳೆಯ ಗಾಡಿಗಳಲ್ಲಿ ಪಿಂಗಾಣಿಯ ಪುಟ್ಟ ಕಡ್ಡಿಯ ಮೈಮೇಲೆ ಲೋಹದ ಪಟ್ಟಿಯಿರುವ ಫ್ಯೂಸುಗಳು ಇರುವುದುಂಟು. ಪಟ್ಟಿ ಕಡಿದಿದ್ದರೆ ಕಣ್ಣಿಗೆ ಕಾಣುತ್ತದೆ. ಪಟ್ಟಿ ನೆಟ್ಟಗಿದ್ದೂ ಎರಡು ತುದಿಗಳಲ್ಲಿ ಕಿಲುಬು ಕೂತಿದ್ದರೆ ಕಾಣುವುದಿಲ್ಲ. ಆದರೆ ವಿದ್ಯುತ್ತಿನ ದಾರಿ ಮುಚ್ಚಿಹೋಗಿರುತ್ತದೆ. ಬೆರಳಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿದರೆ, ತುದಿಗೆ ಹಗುರವಾಗಿ ಉಪ್ಪುಕಾಗದ ತೀಡಿದರೆ ಎಷ್ಟೋ ಹಾರ್ನುಗಳು ಅಲ್ಲಿಯೇ ಬಾಯಿ ಬಿಡುತ್ತವೆ. ಸುಟ್ಟ ಫ್ಯೂಸಿನ ಬದಲು ಸಿಗರೇಟಿನ ಬೆಳ್ಳಿಕಾಗದವನ್ನೋ ದಪ್ಪ ತಂತಿಯನ್ನೋ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿದೆ. ಅದು ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಿಟ್ಟಂತೆ. ತಂತಿಗಳು ಕಾಯ್ದು ಗಾಡಿಗೆ ಬೆಂಕಿ ಹತ್ತಬಹುದು. ಒಲೆ, ಹಾಸಿಗೆ ಇರುವ ನಮ್ಮಂಥ ವ್ಯಾನುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮೂರನೆಯದು ಹಾರ್ನಿನ ಬಳಿಯ ಪರೀಕ್ಷೆ. ಇದೇ ಇಡೀ ವಿಚಾರಣೆಯ ತಿರುಳು. ಬಲ್ಬಿನ ಒಂದು ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ಹಾರ್ನಿಗೆ ವಿದ್ಯುತ್ತು ಬರುವ ತುದಿಗೆ ಮುಟ್ಟಿಸಿದರು. ಬಲ್ಬು ಉರಿಯಿತು. ಹಾಗಾದರೆ ಬ್ಯಾಟರಿಯಿಂದ ಇಲ್ಲಿಯವರೆಗೆ ದಾರಿಯಿದೆ. ಆಮೇಲೆ ಹಾರ್ನಿನ ಎರಡನೆಯ ತುದಿಗೆ ಮುಟ್ಟಿಸಿದರು. ಅಲ್ಲಿಯೂ ಉರಿಯಿತು. ಅಂದರೆ ವಿದ್ಯುತ್ತು ಹಾರ್ನಿನ ಹೊಟ್ಟೆಯನ್ನು ಹಾದು ಈಚೆಗೆ ಬಂದಿದೆ. ಒಳಗಿನ ಸುರುಳಿ ಕಡಿದಿಲ್ಲ. ಇಲ್ಲಿ ಉರಿಯದಿದ್ದರೆ ಮಾತ್ರ ಹಾರ್ನನ್ನು ಬಿಚ್ಚುವ ಮಾತು. ಕೊನೆಗೆ ಆ ಎರಡನೆಯ ತುದಿಯಿಂದ ಒಂದು ತಂತಿಯನ್ನು ನೇರವಾಗಿ ಗಾಡಿಯ ಮೈಗೆ ತಾಗಿಸಿದರು. ಹಾರ್ನು ಗಟ್ಟಿಯಾಗಿ ಕೂಗಿತು.

ಮೂರೇ ಸಲ ಮುಟ್ಟಿದ್ದರಿಂದ ಅರ್ಧಕ್ಕಿಂತ ಹೆಚ್ಚು ದಾರಿ ನಿರ್ದೋಷಿಯೆಂದು ತೀರ್ಮಾನವಾಯಿತು. ದೋಷ ಹಾರ್ನಿನ ಆಚೆಗೆ, ಗುಂಡಿಗೂ ಮೈಗೂ ನಡುವೆ ಎಲ್ಲೋ ಇದೆ. ಈ ಪರೀಕ್ಷೆಯಲ್ಲಿ ಎರಡು ಎಚ್ಚರಗಳು ಬೇಕೆಂದು ಮೇಸ್ತ್ರಿಯವರು ಹೇಳಿದರು. ವಿದ್ಯುತ್ತು ಬರುವ ತುದಿಯನ್ನೇ ತಪ್ಪಿ ಮೈಗೆ ತಾಗಿಸಿದರೆ ಕಿಡಿ ಹಾರಿ ಫ್ಯೂಸು ಹೋಗುತ್ತದೆ. ಇನ್ನೊಂದು, ಬಲ್ಬು ಉರಿದ ಮಾತ್ರಕ್ಕೆ ದಾರಿ ಪೂರ್ತಿ ಸರಿಯೆಂದು ನಂಬಬಾರದು. ಬಲ್ಬಿಗೆ ಬೇಕಾದದ್ದು ಸ್ವಲ್ಪ. ಹಾರ್ನಿಗೆ ನಾಲ್ಕೈದು ಆಂಪಿಯರ್ ಬೇಕು. ಕಿಲುಬಿನ ಸಂದಿಯಲ್ಲಿ ಬಲ್ಬಿನ ಪಾಲು ನುಸುಳೀತು, ಹಾರ್ನಿನ ಪಾಲು ನುಸುಳದು.

ನಾಲ್ಕನೆಯದು ಸ್ಟಿಯರಿಂಗ್ ಚಕ್ರ. ಚಕ್ರ ತಿರುಗುತ್ತಲೇ ಇರುವುದರಿಂದ ತಂತಿಯನ್ನು ಅದಕ್ಕೆ ನೇರ ಕಟ್ಟಲಾಗದು. ಒಂದು ಹಿತ್ತಾಳೆಯ ಬಳೆ, ಅದರ ಮೇಲೆ ಸವರಿಕೊಂಡು ಜಾರುವ ಒಂದು ಬ್ರಷ್ಷು ಇರುತ್ತವೆ. ಬಳೆಯ ಮೇಲೆ ಕಪ್ಪು ಕಟ್ಟಿದರೂ ಬ್ರಷ್ಷು ಸವೆದರೂ ಹಾರ್ನು ಚಕ್ರದ ಒಂದು ಸ್ಥಾನದಲ್ಲಿ ನುಡಿದು ಇನ್ನೊಂದರಲ್ಲಿ ಸುಮ್ಮನಾಗುತ್ತದೆ. ನಮ್ಮದರಲ್ಲಿ ಬಳೆ ಮಾಸಿತ್ತು, ಒರೆಸಿದರು. ಆದರೂ ಹಾರ್ನು ಕೂಗಲಿಲ್ಲ.

ಆಗ ಅವರು ಗಾಡಿಯ ಕೆಳಗೆ ಮಲಗಿದರು. ಸ್ಟಿಯರಿಂಗ್ ಕಂಬ ಕೆಳಗೆ ಗೇರುಪೆಟ್ಟಿಗೆಗೆ ಸೇರುವಲ್ಲಿ ಅದುರು ತಾಗದಿರಲೆಂದು ಒಂದು ರಬ್ಬರಿನ ಬಿಲ್ಲೆ ಇಟ್ಟಿರುತ್ತಾರೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಅದನ್ನು ದಾಟಿಸಲು ಹೆಣೆದ ತಾಮ್ರದ ಒಂದು ಸಣ್ಣ ಪಟ್ಟಿಯನ್ನು ಬಿಲ್ಲೆಯ ಎರಡೂ ಬದಿಗೆ ಬಿಗಿದಿರುತ್ತಾರೆ. ನಮ್ಮ ವ್ಯಾನಿನಲ್ಲಿ ಆ ಪಟ್ಟಿ ವರ್ಷಗಳ ತಿರುಚುವಿಕೆಯಿಂದ ಎಳೆ ಎಳೆಯಾಗಿ ಕಡಿದು, ಕೊನೆಯ ಒಂದೆರಡು ಎಳೆಗಳು ಎರೆಮಣ್ಣಿನಲ್ಲಿ ಜೋತಾಡುತ್ತಿದ್ದವು. ಚಕ್ರ ಎಡಕ್ಕೆ ತಿರುಗಿದಾಗ ತುದಿಗಳು ತಾಗುತ್ತಿದ್ದವು, ಬಲಕ್ಕೆ ತಿರುಗಿದಾಗ ಅಗಲುತ್ತಿದ್ದವು. ಹೊಸ ಹಾರ್ನು ಎರಡು ದಿನ ಕೂಗಿದ್ದು ಆ ಎಳೆಗಳ ಕೃಪೆಯಿಂದ. ಸೇತುವೆಯ ತಿರುವಿನಲ್ಲಿ ಅವು ಕೈಬಿಟ್ಟವು.

ಒಂದು ಗೇಣಿನಷ್ಟೂ ಉದ್ದವಿಲ್ಲದ ತಾಮ್ರದ ಪಟ್ಟಿ! ಎರಡೂ ತುದಿ ಕೆರೆದು, ಹೊಸ ಪಟ್ಟಿ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದರು. ಎಡಕ್ಕೆ ತಿರುಗಿಸಿ ಒತ್ತಿದೆ, ಬಲಕ್ಕೆ ತಿರುಗಿಸಿ ಒತ್ತಿದೆ. ಎರಡು ಕಡೆಯೂ ಒಂದೇ ಸ್ವರ. ನಾನು ಕೊಂಡಿದ್ದ ಹೊಸ ಹಾರ್ನಿನ ಬೆಲೆಯ ಮುಂದೆ ಅವರು ಕೇಳಿದ ಕೂಲಿ ತೀರ ಕಡಿಮೆಯಾಗಿತ್ತು.

ಬೇರೆ ಲಕ್ಷಣಗಳ ಬಗ್ಗೆಯೂ ಒಂದೆರಡು ಮಾತು ಹೇಳಿಬಿಡುತ್ತೇನೆ. ಗುಂಡಿ ಒತ್ತಿದಾಗ ಟಿಕ್ ಎಂಬ ಸದ್ದು ಮಾತ್ರ ಬಂದರೆ ಪಾಯಿಂಟುಗಳು ಅಂಟಿಕೊಂಡಿರಬಹುದು ಅಥವಾ ವಿದ್ಯುತ್ತು ಸಾಲದಿರಬಹುದು. ಗಂಟಲು ಕಟ್ಟಿದಂತೆ ಕೂಗಿದರೆ ಹಾರ್ನಿನ ಬೆನ್ನಿಗಿರುವ ಚಿಕ್ಕ ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡಬಹುದು. ನಡುವಿನ ದೊಡ್ಡ ನಟ್ಟನ್ನು ಮುಟ್ಟಬಾರದು. ಬಹಳ ದಿನ ನಿಂತ ಗಾಡಿಯ ಹಾರ್ನಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಒತ್ತದೆಯೇ ಹಾರ್ನು ಕೂಗುತ್ತ ನಿಲ್ಲದಿದ್ದರೆ ಗುಂಡಿಗೆ ಹೋಗುವ ತಂತಿಯ ಮೇಲುಹೊದಿಕೆ ಸವೆದು ಅದು ಎಲ್ಲೋ ಗಾಡಿಯ ಮೈಗೆ ತಾಗಿದೆಯೆಂದು ಊಹಿಸಬೇಕು. ಆಗ ಫ್ಯೂಸನ್ನು ಕಿತ್ತು ಊರಿನ ನೆಮ್ಮದಿಯನ್ನು ಕಾಪಾಡುವುದು ಮೊದಲ ಕೆಲಸ. ಸ್ಟಿಯರಿಂಗ್ ಚಕ್ರದಲ್ಲಿ ಗಾಳಿಚೀಲವಿರುವ ಈಚಿನ ವಾಹನಗಳಲ್ಲಿ ಮಾತ್ರ ನಮ್ಮಂಥವರು ಚಕ್ರವನ್ನು ಬಿಚ್ಚಲು ಹೋಗಬಾರದು. ಅದು ಬಲ್ಲವರ ಕೆಲಸ.

ಹಾರ್ನಿನ ಪರವಾಗಿ ಇಷ್ಟು ಹೇಳಿದ್ದಕ್ಕೆ ಅದನ್ನು ಸದಾ ಒತ್ತುತ್ತಿರಿ ಎಂದು ಅರ್ಥವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನಕ್ಕೆ ಹಾರ್ನು ಇರಲೇಬೇಕೆನ್ನುತ್ತವೆ. ಜೊತೆಗೆ ಹಲವು ಸ್ವರಗಳಲ್ಲಿ ಹಾಡುವ ಹಾರ್ನನ್ನು ನಿಷೇಧಿಸುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲ 100 ಮೀಟರ್ ಪ್ರದೇಶವನ್ನು ಮೌನವಲಯವೆಂದು ಸಾರಬಹುದು. 2019ರ ತಿದ್ದುಪಡಿಯು ಅನಗತ್ಯವಾಗಿ ಹಾರ್ನು ಒತ್ತುವವರಿಗೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಬೇಕಾದಾಗ ನುಡಿಯಬೇಕು, ಬೇಡವಾದಾಗ ಸುಮ್ಮನಿರಬೇಕು. ಇದು ಹಾರ್ನಿಗೂ ನಿಯಮ, ನನ್ನಂಥ ಭಾಷಣಕಾರರಿಗೂ ನಿಯಮ.

ಆ ವರ್ಷದ ಜಾತ್ರೆ ನಮಗೆ ತಪ್ಪಿತು. ಮರುವಾರ ತಿಂಥಣಿಗೆ ಹೋದಾಗ ಅಂಗಡಿಗಳು ಎದ್ದಿದ್ದವು. ಹೊಳೆಯ ದಂಡೆ ಪ್ರಶಾಂತವಾಗಿತ್ತು. ದಾರಿಯಲ್ಲಿ ಅದೇ ಸೇತುವೆ, ಅದೇ ತಿರುವು. ವೇಗ ತಗ್ಗಿಸಿ ಒಂದು ಸಲ ಹಾರ್ನು ಒತ್ತಿದೆ. ರಸ್ತೆಯ ಮೇಲೆ ಯಾರೂ ಇರಲಿಲ್ಲ. ದೂರದ ಹೊಲದಲ್ಲಿ ಕುರಿಗಳ ನಡುವೆ ನಿಂತಿದ್ದ ಹುಡುಗನೊಬ್ಬ ತಲೆಯೆತ್ತಿ ನೋಡಿ ಕೈ ಬೀಸಿದ. ಅವನು ಆ ಹುಡುಗನೇ ಹೌದೋ ಅಲ್ಲವೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ. ನನ್ನ ಹೆಂಡತಿ ಕಿಟಕಿಯಿಂದ ಕೈಯೆತ್ತಿದಳು.